ಹಿಂದಿನಿಂದ ಬಂದ ನೀರು

ಶಿರಾದವನಿಗೆ ನೀರು ಕಂಡರೆ ಭಯ ಎಂದರೆ ಯಾರಿಗಾದರೂ ನಗು ಬರುತ್ತದೆ. ನನ್ನ ಹೆಂಡತಿ ಗಿರಿಜೆಯಂತೂ ಮದುವೆಯಾದಾಗಿನಿಂದ ನಗುತ್ತಲೇ ಇದ್ದಾಳೆ. ಕಡಲೆಕಾಯಿ ಮಂಡಿಯ ಧೂಳಿನಲ್ಲಿ ಬೆಳೆದವನು ನಾನು. ಈಜು ಬರುವುದಿಲ್ಲ. ಬಾವಿ ಕಂಡರೆ ಎರಡು ಮಾರು ದೂರವೇ ನಿಲ್ಲುತ್ತೇನೆ. ನಮ್ಮ ಕಡೆಯ ಕೆರೆಗಳು ತುಂಬಿ ಕೋಡಿ ಬಿದ್ದ ವರ್ಷ ಊರಿಗೆ ಊರೇ ಟೆಂಪೋ ಮಾಡಿಕೊಂಡು ನೋಡಲು ಹೋದಾಗ, ಅಂಗಡಿ ಬಿಟ್ಟು ಬರಲಾಗದು ಎಂದು ನೆಪ ಹೇಳಿ ಉಳಿದುಕೊಂಡವನು ನಾನೊಬ್ಬನೇ.

ಅಂಥವನು ದಿನಕ್ಕೆರಡು ಸಲ ಸಮುದ್ರ ಬಂದು ಹೋಗುವ ಊರೊಂದಕ್ಕೆ ಹೋಗಿ ಬಂದೆ, ಅದೂ ದಕ್ಷಿಣ ಕೊರಿಯಾದಲ್ಲಿ. ಇದಕ್ಕೆಲ್ಲ ಕಾರಣ ಸಹನಾ. ಗಿರಿಜೆಯ ತಮ್ಮನ ಮಗಳು, ಮಧುಗಿರಿಯವಳು. ಹೈಸ್ಕೂಲು ಓದುವಾಗ ನಮ್ಮ ಮನೆಯಲ್ಲೇ ಇದ್ದಳು, ಗಿರಿಜೆಯ ಕೈತುತ್ತು ತಿಂದು ಬೆಳೆದಳು. ಈಗ ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಕೆಸರಿನ ಜೀವಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ‘ಕೆಸರಲ್ಲಿ ಓದೋಕೆ ಏನಮ್ಮಾ ಐತೆ?’ ಎಂದು ನಾನು ಫೋನಿನಲ್ಲಿ ಕೇಳಿದ್ದೇ ತಪ್ಪಾಯಿತು. ‘ಬಂದು ನೋಡಿ ಮಾವ’ ಎಂದಳು. ಗಿರಿಜೆ ಅಷ್ಟಕ್ಕೇ ಕಾದಿದ್ದವಳಂತೆ ಚಟ್ನಿಪುಡಿ ಕುಟ್ಟಲು ಕೂತಳು.

ಆಕಾಶದಲ್ಲಿ

ವಿಮಾನ ಹಾರುವ ಮೊದಲೇ ನನ್ನ ಮಾನ ಹೋಯಿತು. ನೀರಿನ ಮೇಲೆ ಇಳಿಯಬೇಕಾಗಿ ಬಂದರೆ ತೊಡಲು ಸೀಟಿನ ಕೆಳಗೆ ತೇಲುವ ಜಾಕೆಟ್ ಇದೆ ಎಂದು ವಿಮಾನದ ಪರಿಚಾರಕಿ ಹುಡುಗಿ ಕೈಸನ್ನೆಯಲ್ಲಿ ತೋರಿಸಿದಳು. ಎಲ್ಲರೂ ಫೋನು ನೋಡುತ್ತಿದ್ದರು. ನಾನು ಬಗ್ಗಿ, ಸೀಟಿನ ಕೆಳಗೆ ಕೈಹಾಕಿ, ಇದೆಯೋ ಇಲ್ಲವೋ ಎಂದು ತಡಕಿದೆ. ಸಿಕ್ಕಿತು. ಸುಮ್ಮನೆ ಬಿಡಬಹುದಿತ್ತು. ಹೊರಗೆಳೆದು ಸರಿಯಾಗಿದೆಯೇ ಎಂದು ನೋಡಲು ಹೋದೆ. ಆ ಹುಡುಗಿ ಓಡಿ ಬಂದು ಅದನ್ನು ಕಿತ್ತುಕೊಂಡು ಮಡಚಿಟ್ಟಳು. ಪಕ್ಕದವರೆಲ್ಲ ಫೋನು ಬಿಟ್ಟು ನನ್ನನ್ನು ನೋಡಿದರು.

‘ಇನ್ನೂ ಬೆಂಗಳೂರು ಬುಟ್ಟಿಲ್ಲ ಕಣ್ರೀ’ ಎಂದಳು ಗಿರಿಜೆ. ‘ಇಲ್ಲಿ ಬಿದ್ರೆ ಯಾರದಾನಾ ದ್ರಾಕ್ಷಿ ತೋಟದಾಗೆ ಬೀಳ್ತೀವಿ. ಜಾಕೆಟ್ ಯಾಕೆ?’

ದಾರಿಯುದ್ದಕ್ಕೂ ಅವಳು ಕಿಟಕಿಯ ಪಕ್ಕ ಕೂತು ಕೆಳಗಿನ ಕಡಲನ್ನು ನೋಡಿದಳು. ಅವಳು ತಾವರೆಕೆರೆಯ ಕಡೆಯವಳು. ಕೆರೆಯ ಏರಿಯ ಮೇಲೆ ನಡೆಯುವುದನ್ನು ಕಲಿತವಳಿಗೆ ನೀರೆಂದರೆ ಸಂಭ್ರಮ. ನಾನು ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ.

ನದಿ ಮುಗಿಯುವಲ್ಲಿ

ಸಹನಾ ಮೊದಲು ಕರೆದೊಯ್ದದ್ದು ಒಂದು ನದಿ ಸಮುದ್ರ ಸೇರುವ ಜಾಗಕ್ಕೆ. ನದಿ ಸಮುದ್ರ ಸೇರುವುದನ್ನು ನಾನು ಶಾಲೆಯ ಪುಸ್ತಕದಲ್ಲಷ್ಟೇ ಓದಿದ್ದೆ. ನಮ್ಮ ಕೊರಟಗೆರೆ ಕಡೆಯ ಜಯಮಂಗಲಿ ಸಮುದ್ರದ ಮಾತು ಹಾಗಿರಲಿ, ಎಷ್ಟೋ ವರ್ಷ ತನ್ನ ಮರಳನ್ನೇ ದಾಟುವುದಿಲ್ಲ. ಇಲ್ಲಿ ನೀರು ಅಗಲವಾಗಿ, ಸದ್ದಿಲ್ಲದೆ, ಒಂದು ಕಡೆ ಹಸಿರು ಒಂದು ಕಡೆ ಕಂದಾಗಿ ನಿಂತಿತ್ತು. ಎರಡೂ ಸೇರುವಲ್ಲಿ ಒಂದು ನೊರೆಯ ಗೆರೆ ಇತ್ತು.

‘ಮಾವ, ಇಲ್ಲಿ ಇರೋ ಜೀವಕ್ಕೆ ದಿನಾ ಪರೀಕ್ಷೆ’ ಎಂದಳು ಸಹನಾ. ‘ಬೆಳಿಗ್ಗೆ ಸಿಹಿನೀರು, ಮಧ್ಯಾಹ್ನ ಉಪ್ಪುನೀರು. ಸಿಹಿನೀರಿನ ಮೀನನ್ನ ಉಪ್ಪಿಗೆ ಹಾಕಿದ್ರೆ ಅದರ ಮೈಯಿಂದ ನೀರು ಬಸಿದು ಹೋಗುತ್ತೆ. ಉಪ್ಪಿನ ಮೀನನ್ನ ಸಿಹಿಗೆ ಹಾಕಿದ್ರೆ ಊದಿಕೊಳ್ಳುತ್ತೆ. ಎರಡನ್ನೂ ತಡೆಯೋ ಗಟ್ಟಿಗರು ಮಾತ್ರ ಇಲ್ಲಿ ಬಾಳ್ತಾರೆ.’ ಹಾವುಮೀನಿನ ಕಥೆಯನ್ನೂ ಹೇಳಿದಳು. ಅದು ದೂರದ ಕಡಲಿನಲ್ಲಿ ಹುಟ್ಟಿ, ನದಿ ಹತ್ತಿ ಬಂದು ಬೆಳೆದು, ಸಾಯುವ ಮೊದಲು ಮೊಟ್ಟೆಯಿಡಲು ಮತ್ತೆ ಕಡಲಿಗೇ ಹೋಗುತ್ತದಂತೆ.

ಗಿರಿಜೆ ದಡದಲ್ಲಿ ಕೂತು ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಸ್ವಲ್ಪ ದೂರ ನಡೆದು ಮತ್ತೆ ಮುಟ್ಟಿಸಿಕೊಂಡಳು. ‘ಇದು ಪಾವಗಡದ ಬೋರ್ ನೀರಿನಂಗೈತೆ. ಪಾಪ, ಅಲ್ಲಿಯವರು ಇದ್ನೇ ಕುಡ್ಕಂಡು ಬಾಳ್ತಾವ್ರೆ. ಅವ್ರೂ ಗಟ್ಟಿಗರೇ ಕಣಮ್ಮ’ ಎಂದಳು. ನಾನು ಅವಳ ಸೆರಗಿನ ತುದಿ ಹಿಡಿದುಕೊಂಡೇ ನಿಂತಿದ್ದೆ. ಜಾರಿ ಬಿದ್ದರೆ?

ಊಟದ ಕಷ್ಟ ಅಲ್ಲಿಂದಲೇ ಶುರುವಾಯಿತು. ನಾವು ಲಿಂಗ ಕಟ್ಟಿದವರು, ಮೀನು ಮಾಂಸ ಮುಟ್ಟುವುದಿಲ್ಲ. ಆ ಊರಿನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ, ಮೂಲಂಗಿ ಸಾರಿಗೂ ಒಣಮೀನು. ಹೋಟೆಲಿನ ಹೆಂಗಸು ನಮ್ಮ ಮೇಲಿನ ಕರುಣೆಯಿಂದ ಒಂದು ಬಟ್ಟಲು ಬಿಳಿಯ ಗಂಜಿ ತಂದಿಟ್ಟಳು. ಅದರೊಳಗಿಂದ ಒಂದು ಚಿಪ್ಪು ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿತ್ತು. ಆಮೇಲೆ ಅನ್ನ, ಚಟ್ನಿಪುಡಿ, ಮತ್ತೆ ಅನ್ನ, ಚಟ್ನಿಪುಡಿ. ಗಿರಿಜೆ ಗೊಣಗಲು ಶುರುಮಾಡಿದಳು. ‘ನಾಲಿಗೆ ಸತ್ತೋಯ್ತು. ಒಂದಿಡಿ ಬೆರಕೆ ಸೊಪ್ಪು ಸಿಕ್ಕಿದ್ರೆ ಮಸ್ಸೊಪ್ಪು ಮಾಡಿ ಮೂರ್ ಮುದ್ದೆ ಉಣ್ತಿದ್ದೆ.’

ಬೆರಕೆ ಸೊಪ್ಪಿನ ಹುಚ್ಚು ನಮ್ಮ ಸೀಮೆಯ ಹೆಂಗಸರಿಗೆಲ್ಲ ಉಂಟು. ಕೆರೆಯ ನೀರು ಇಳಿದ ಮೇಲೆ ಅಂಗಳದ ಹಸಿಯಲ್ಲಿ ಅಣ್ಣೆ, ಗೋಣಿ, ಹೊನಗೊನೆ, ಕಿರಕಸಾಲೆ ತಾವಾಗಿ ಏಳುತ್ತವೆ. ಬಿತ್ತಿದವರಿಲ್ಲ, ಬೇಡ ಎನ್ನುವವರಿಲ್ಲ. ಮಡಿಲು ಕಟ್ಟಿಕೊಂಡು ಇಳಿದರೆ, ಒಂದೊಂದೇ ಗಿಡ ನೋಡುತ್ತ, ಬಗ್ಗಿದ ತಲೆ ಎತ್ತದೆ, ಕೆರೆಯ ಆಚೆ ದಡದವರೆಗೂ ಹೋಗಿಬಿಡುತ್ತಾರೆ.

ಸಮುದ್ರ ಕಾಣೆಯಾದ ಬೆಳಿಗ್ಗೆ

ಸಹನಾ ಇರುವ ಊರು ಕಡಲ ಕಟ್ಟೆಗೆ ಅಂಟಿಕೊಂಡಿದೆ. ನಾವು ತಲುಪಿದ ಸಂಜೆ ಅಲೆಗಳು ಕಟ್ಟೆಯ ಕಲ್ಲಿಗೆ ಬಡಿಯುತ್ತಿದ್ದವು. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಸಮುದ್ರವೇ ಇಲ್ಲ! ಕಣ್ಣು ಹಾಯುವವರೆಗೂ ಬೂದು ಬಣ್ಣದ ಕೆಸರು. ನಿನ್ನೆ ತೇಲುತ್ತಿದ್ದ ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು.

ನಿಜ ಹೇಳುತ್ತೇನೆ, ಊರು ಬಿಟ್ಟ ಮೇಲೆ ಮೊದಲ ಬಾರಿಗೆ ನನಗೆ ನೆಮ್ಮದಿಯಾಯಿತು. ಇದು ನನಗೆ ಗೊತ್ತಿದ್ದ ನೋಟ. ಬತ್ತಿದ ಕೆರೆ. ನಮ್ಮಲ್ಲಿ ಕೆರೆ ಬತ್ತಿದರೆ ಅದರ ಅಂಗಳವೇ ಕಾಲುದಾರಿ, ದನ ಮೇಯುವ ಬಯಲು, ಹುಡುಗರ ಕ್ರಿಕೆಟ್ ಮೈದಾನ. ಸುತ್ತು ಹಾಕಿ ರಸ್ತೆಯಲ್ಲಿ ಹೋಗುವವನನ್ನು ನೋಡಿ ನಗುತ್ತಾರೆ.

ಸಹನಾ ನಮ್ಮನ್ನು ಕಟ್ಟೆಯ ಮೆಟ್ಟಿಲಿನ ಮೇಲೆ ಕೂರಿಸಿದಳು. ಸ್ವಲ್ಪ ಹೊತ್ತು ಅಲುಗಾಡದೆ ಕೂತಿರಿ ಎಂದಳು. ಕೂತೆವು. ಸತ್ತಂತೆ ಬಿದ್ದಿದ್ದ ಕೆಸರು ನಿಧಾನವಾಗಿ ಕದಲತೊಡಗಿತು. ಒಂದೊಂದು ತೂತಿನಿಂದ ಒಂದೊಂದು ಏಡಿ ಹೊರಬಂದು, ಚಿಮಟದಂಥ ಕೈಯಿಂದ ಕೆಸರು ಎತ್ತಿ ಬಾಯಿಗಿಟ್ಟುಕೊಂಡು, ಉಂಡೆ ಮಾಡಿ ಉಗುಳುತ್ತಿತ್ತು. ಹೆಬ್ಬೆರಳಿನ ಗಾತ್ರದ ಮೀನುಗಳು ನೀರಿಲ್ಲದೆ ಕೆಸರಿನ ಮೇಲೆ ತೆವಳುತ್ತಿದ್ದವು, ಜಗಳವಾಡುತ್ತ ಒಂದರ ಮೇಲೊಂದು ಎಗರುತ್ತಿದ್ದವು. ಉದ್ದ ಕೊಕ್ಕಿನ ಹಕ್ಕಿಗಳು ಕೆಸರನ್ನು ಹೊಲಿಯುವಂತೆ ಕುಕ್ಕುತ್ತ ಹೋಗುತ್ತಿದ್ದವು. ನಮ್ಮ ಕಗ್ಗಲಡಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳ ಹಾಗಲ್ಲ, ಇವು ಸಣ್ಣವು, ಆದರೆ ಅರ್ಧ ಭೂಮಿ ಹಾರುವಂಥವು. ನಡುವೆ ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳದಿದ್ದರೆ ದಾರಿಯಲ್ಲೇ ಸಾಯುತ್ತವೆ ಎಂದಳು ಸಹನಾ.

ಊರಿನ ಮುದುಕಿಯರು ದೊಡ್ಡ ಟೋಪಿ, ಮೊಣಕಾಲು ಮೀರುವ ಬೂಟು ಹಾಕಿಕೊಂಡು ಪವರ್ ಟಿಲ್ಲರ್ ಟ್ರೈಲರಿನಲ್ಲಿ ಕೂತು ಕೆಸರಿನೊಳಗೆ ಹೊರಟರು. ಕೊಳಾಲದ ಕಡೆ ಗದ್ದೆ ಕೆಲಸಕ್ಕೆ ಹೆಂಗಸರು ಹೋಗುವಂತೆಯೇ, ಅದೇ ಗಲಾಟೆ, ಅದೇ ನಗು. ಟ್ರೈಲರು ಹೋಗಲು ಕಲ್ಲು ಹಾಸಿದ ಒಂದು ದಾರಿ ಇತ್ತು. ಅಲ್ಲಿಂದಾಚೆ ಅವರು ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಒದ್ದು ಜಾರಿಕೊಂಡು ಹೋಗಿ ಚಿಪ್ಪು ಆರಿಸುತ್ತಾರೆ. ನೀರು ಯಾವಾಗ ತಿರುಗುತ್ತದೆಂಬುದು ಅವರಿಗೆಲ್ಲ ಬಾಯಿಪಾಠ. ನಮ್ಮ ರೈತರಿಗೆ ತ್ರೀ ಫೇಸ್ ಕರೆಂಟಿನ ಹೊತ್ತು ಗೊತ್ತಿರುವ ಹಾಗೆ.

ಸಹನಾಗೆ ಆ ದಿನ ಪಕ್ಕದ ಊರಿನಲ್ಲಿ ಕೆಲಸವಿತ್ತು. ಹೋಗುವಾಗ ಹೇಳಿಯೇ ಹೋದಳು. ‘ಮಾವ, ಅತ್ತೆ, ಕಟ್ಟೆ ಮೇಲೇ ಇರಿ. ಕೆಳಗೆ ಮಾತ್ರ ಇಳೀಬೇಡಿ.’

ಕಟ್ಟೆಯ ಮೇಲೆ

ಗಿರಿಜೆಯ ಕಣ್ಣಿಗೆ ಬಿದ್ದದ್ದು ಒಂದು ಕೆಂಪು ಗಿಡ. ಕಟ್ಟೆಯಿಂದ ಸ್ವಲ್ಪ ದೂರದ ದಿಬ್ಬದ ಮೇಲೆ ಕೆಸರಿನಲ್ಲಿ ಕಂಬಳಿ ಹಾಸಿದಂತೆ ಬೆಳೆದಿತ್ತು. ಊರಿನವಳೊಬ್ಬಳು ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋದದ್ದನ್ನು ಇವಳು ನೋಡಿದ್ದಳು.

‘ತಿನ್ನೋ ಸೊಪ್ಪೇ ಕಣ್ರೀ. ನಮ್ ಗೋಣಿಸೊಪ್ಪಿನಂಗೇ ಎಲೆ ದಪ್ಪಕೈತೆ. ಒಂಚೂರು ಕಿತ್ಕಂಡು ಬಂದ್ಬುಡ್ತೀನಿ.’

‘ಸಹನಾ ಏನು ಹೇಳಿದ್ಳು?’

‘ಅವಳಿಗೇನು ಗೊತ್ತು, ಕೆರೆ ಅಂಗಳದಾಗೆ ಆಡಿ ಬೆಳೆದೋಳು ನಾನು. ನೀರು ಎಲ್ಲೈತೆ ತೋರ್ಸಿ ನೋಡಾನ?’

ನೋಡಿದೆ. ನೀರು ಎಲ್ಲೂ ಇರಲಿಲ್ಲ. ನೀರಿಗೆ ಹೆದರುವ ನಾನೇ ‘ಬೇಗ ಬಾ’ ಎಂದೆ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮಡಿಲು ಮಾಡಿಕೊಂಡು ಇಳಿದಳು. ನಡುವೆ ಒಂದು ಹಳ್ಳದಂಥ ತಗ್ಗು ಇತ್ತು. ಅದರಲ್ಲಿ ಪಾದ ಮುಳುಗುವಷ್ಟೇ ನೀರು. ದಾಟಿದಳು. ದಿಬ್ಬದ ಸೊಪ್ಪು ಕಿತ್ತಳು. ಅದರಾಚೆ ಇನ್ನೊಂದು ದಿಬ್ಬ, ಅಲ್ಲಿ ಇನ್ನೂ ಎಳೆಯದು. ತಲೆ ಬಗ್ಗಿದ್ದು ಬಗ್ಗಿದ್ದೇ. ಆಗಾಗ ಕಡಲಿನ ಕಡೆ ಮಾತ್ರ ನೋಡುತ್ತಿದ್ದಳು. ಬಂದರೆ ನೀರು ಅಲ್ಲಿಂದ ತಾನೇ ಬರಬೇಕು! ನಾನೂ ಅತ್ತಲೇ ನೋಡುತ್ತ ಕೂತಿದ್ದೆ.

ಕಟ್ಟೆಯ ಮೇಲೆ ಒಂದು ಕಂಬಕ್ಕೆ ಕಟ್ಟಿದ್ದ ಮೈಕು ಕೂಗತೊಡಗಿತು. ಒಂದು ಗಂಡು ದನಿ ಏನನ್ನೋ ಎರಡೆರಡು ಸಲ ಹೇಳಿತು. ನಮ್ಮೂರಲ್ಲಿ ಕಸದ ಗಾಡಿಯಿಂದ ಹಿಡಿದು ಆರ್ಕೆಸ್ಟ್ರಾದವರೆಗೆ ಎಲ್ಲವೂ ಮೈಕಿನಲ್ಲೇ ಆದ್ದರಿಂದ ನಾವು ಮೈಕಿಗೆ ಕಿವಿ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಗಿರಿಜೆಯೂ ತಲೆ ಎತ್ತಲಿಲ್ಲ.

ಆಗ ನನ್ನ ಕಣ್ಣು ತಗ್ಗಿನ ಮೇಲೆ ಬಿತ್ತು. ನನಗೂ ಅವಳಿಗೂ ನಡುವೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ನೀರು! ಕಡಲಿನ ಕಡೆ ಇನ್ನೂ ಒಣಗಿಯೇ ಇತ್ತು. ಎಲ್ಲಿಂದ ಬಂತೋ, ಯಾವ ಮೂಲೆಯಿಂದ ನುಗ್ಗಿತೋ, ಆ ಹಳ್ಳ ತುಂಬಿಕೊಂಡು ಒಳಗಡೆಗೆ ಹರಿಯುತ್ತಿತ್ತು. ಅವಳ ಬೆನ್ನ ಹಿಂದೆ.

‘ಲೇ ಗಿರಿಜಾ! ಬಾರೇ! ನೀರು ಬಂತು ಬಾರೇ!’

ಅವಳು ತಿರುಗಿ, ಸೊಪ್ಪು ತುಂಬಿದ ಮಡಿಲನ್ನು ಎತ್ತಿ ತೋರಿಸಿದಳು. ನಕ್ಕಳೆಂದು ಕಾಣುತ್ತದೆ. ನಾನು ಎರಡೂ ಕೈ ಬೀಸಿ ಕಿರುಚಿದೆ. ನಿಧಾನವಾಗಿ ಹೊರಟವಳು ಹಳ್ಳ ನೋಡಿ ಓಡತೊಡಗಿದಳು. ಓಡಲು ಬಿಡುವ ನೆಲವೇ ಅದು? ಎರಡು ಸಲ ಬಿದ್ದಳು. ದಂಡೆಗೆ ಬಂದು ಒಂದು ಕಾಲಿಟ್ಟಳು, ಸೊಂಟದವರೆಗೆ ಇಳಿದು, ಹೇಗೋ ಹಿಂದಕ್ಕೆ ಹತ್ತಿ ನಿಂತಳು. ಅವಳಿಗೂ ಈಜು ಬರುವುದಿಲ್ಲ.

ನಾನು ಮೆಟ್ಟಿಲು ಇಳಿದು ಓಡಿದೆ. ಕೆಲವೇ ಹೆಜ್ಜೆಗೆ ಮೊಣಕಾಲವರೆಗೆ ಹೂತುಕೊಂಡೆ. ಬೂಟು ಕೆಸರಿನಲ್ಲೇ ಉಳಿಯಿತು. ಫೋನು ಅವಳ ಬ್ಯಾಗಿನಲ್ಲಿ, ಬ್ಯಾಗು ಅವಳ ಹೆಗಲಲ್ಲಿ. ಅವಳ ತಮ್ಮನಿಗೆ ಏನು ಹೇಳಲಿ? ಬಿ.ಪಿ. ಮಾತ್ರೆ ತಗೊಂಡಿದ್ದಾಳೋ ಇಲ್ಲವೋ? ಇಂಥವೇ ತಲೆಗೆ ಬಂದವು. ಕೈ ತಾನಾಗಿ ಕರಡಿಗೆಗೆ ಹೋಯಿತು. ಶಿವನೇ ಎಂದೆ.

ಕಲ್ಲುದಾರಿಯಲ್ಲಿ ಪವರ್ ಟಿಲ್ಲರಿನ ಸದ್ದು ಕೇಳಿತು. ಮುದುಕಿಯರು ವಾಪಸ್ಸು ಬರುತ್ತಿದ್ದರು. ಕಾಲು ಕಿತ್ತುಕೊಂಡು ಅತ್ತ ಹೋಗಿ, ಟಿಲ್ಲರಿನ ಎದುರಿಗೇ ಕೈಮುಗಿದು ನಿಂತೆ. ಭಾಷೆ ಬಾರದು. ಬೆರಳು ತೋರಿಸಿದೆ. ಬೂದು ಬಯಲಿನ ನಡುವೆ ನನ್ನ ಹೆಂಡತಿಯ ಹಳದಿ ಸೀರೆ ಕಾಣುತ್ತಿತ್ತು.

ಅವರೊಳಗೊಬ್ಬ ಅಜ್ಜಿ, ಎಲ್ಲರಿಗಿಂತ ಗಿಡ್ಡ, ಟೋಪಿಯ ಕೆಳಗೆ ಮುಖವೇ ಕಾಣದಂಥವಳು, ಏನೂ ಕೇಳಲಿಲ್ಲ. ಟ್ರೈಲರಿನಿಂದ ತನ್ನ ಹಲಗೆಯನ್ನು ಎಳೆದು ಕೆಸರಿಗೆ ಹಾಕಿ ಮೊಣಕಾಲೂರಿ ಹೊರಟೇಬಿಟ್ಟಳು. ಹಳ್ಳದಲ್ಲಿ ಹಲಗೆಯನ್ನು ಎದೆಗೆ ಕೊಟ್ಟುಕೊಂಡು ಕಾಲು ಬಡಿಯುತ್ತ ದಾಟಿದಳು. ಉಳಿದವರು ಹಗ್ಗ ಬಿಚ್ಚಿಕೊಂಡು ದಂಡೆಗೆ ಓಡಿದರು. ಅಷ್ಟರಲ್ಲಿ ಗಿರಿಜೆಯ ಮೊಣಕಾಲಿಗೆ ನೀರು ಬಂದಿತ್ತು. ಅಜ್ಜಿ ಅವಳನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ಹಗ್ಗ ಎಸೆಸಿಕೊಂಡು ಕಟ್ಟಿ, ತಾನು ಹಿಂದಿನಿಂದ ತಳ್ಳಿದಳು. ನಡುಹಳ್ಳದಲ್ಲಿ ಹಲಗೆ ಒಮ್ಮೆ ವಾಲಿ ಗಿರಿಜೆಯ ತಲೆ ಮುಳುಗಿತು. ಮತ್ತೆ ಮೇಲೆ ಬರುವವರೆಗೆ ನಾನು ಉಸಿರಾಡಲಿಲ್ಲ.

ದಡಕ್ಕೆ ಬಂದಾಗಲೂ ಅವಳು ಒಂದು ಕೈಯಲ್ಲಿ ಮಡಿಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಸೊಪ್ಪು ಒಂದೆಲೆ ಚೆಲ್ಲಿರಲಿಲ್ಲ.

ಅಜ್ಜಿಯ ಅಡುಗೆಮನೆ

ಅಜ್ಜಿ ಮಾಡಿದ ಮೊದಲ ಕೆಲಸವೆಂದರೆ ಗಿರಿಜೆಯ ಬೆನ್ನಿಗೆ ಅಂಗೈಯಿಂದ ಎರಡು ಬಾರಿಸಿದ್ದು. ಆಮೇಲೆ ಬೈಗುಳ. ಯಾವ ಭಾಷೆಯಾದರೇನು, ನಮ್ಮ ಅವ್ವಂದಿರು ಬೈಯುವ ರಾಗವೇ ಅದು. ನಂತರ ತನ್ನ ಮನೆಗೆ ಕರೆದೊಯ್ದು, ಬಿಸಿನೀರು ಹುಯ್ದು, ತನ್ನ ಹೂವಿನ ಪ್ಯಾಂಟು ತೊಡಿಸಿ, ಬೆಚ್ಚಗಿನ ನೆಲದ ಮೇಲೆ ಕಂಬಳಿ ಹೊದಿಸಿ ಕೂರಿಸಿದಳು. ಗಿರಿಜೆಯ ಹಲ್ಲು ಕಟಕಟ ಎನ್ನುತ್ತಿತ್ತು.

ನಾನು ಬಾಯಿಗೆ ಬಂದಂತೆ ಬೈದೆ. ಸೊಪ್ಪಿಗೆ ಜೀವ ಕೊಡ್ತೀಯೇನೇ, ನಾಲಿಗೆ ಚಪಲಕ್ಕೆ ಮಿತಿ ಬೇಡವೇ, ಎಂದೆಲ್ಲ. ಯಾವತ್ತೂ ಒಂದಕ್ಕೆರಡು ಕೊಡುವವಳು ಆ ದಿನ ಒಂದೇ ಮಾತು ಹೇಳಿದಳು. ‘ನೀರು ಹಿಂದ್ಗಡೆಯಿಂದ ಬಂತು ಕಣ್ರೀ. ನಾನು ಮುಂದಕ್ಕೆ ನೋಡ್ತಾನೇ ಇದ್ದೆ.’

ಸಹನಾ ಸುದ್ದಿ ಕೇಳಿ ಓಡಿ ಬಂದಳು. ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಅಜ್ಜಿ ಹೇಳಿದ್ದನ್ನು ನಮಗೆ ತಿಳಿಸಿದಳು. ಮೈಕು ಕೂಗಿದ್ದು ನೀರು ತಿರುಗಿತು, ಮೇಲೆ ಬನ್ನಿ ಎಂದೇ. ಇಲ್ಲಿ ಮೊದಲು ತುಂಬುವುದು ಹಳ್ಳಗಳೇ. ಬಯಲು ಒಣಗಿರುವಂತೆ ಕಾಣುವಾಗಲೇ ದಾರಿ ಮುಚ್ಚಿರುತ್ತದೆ. ಬೇರೆ ಊರಿನಿಂದ ಬಂದವರು ಕಡಲನ್ನೇ ಕಾಯುತ್ತ ನಿಂತು ಸಿಕ್ಕಿಹಾಕಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಅಜ್ಜಿ ಆ ಸೊಪ್ಪನ್ನು ಬೇಯಿಸಿ, ಉಪ್ಪು ಬಿಡಲೆಂದು ನೀರು ಬಸಿದು, ಎಳ್ಳೆಣ್ಣೆ ಬೆಳ್ಳುಳ್ಳಿ ಹಾಕಿ ತಂದಿಟ್ಟಿದ್ದಳು. ಮೀನು ಹಾಕಿಲ್ಲ ಎಂದು ಕೈಯಾಡಿಸಿ ತೋರಿಸಿದಳು. ಗಿರಿಜೆ ಒಂದು ತುತ್ತು ತಿಂದು ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಹೊರಡುವ ಮುನ್ನ

ಊರಿಗೆ ಹೋಗುವ ಟಿಕೆಟನ್ನು ಮೊದಲು ಸಿಗುವ ವಿಮಾನಕ್ಕೆ ಬದಲಿಸಲು ನಾನು ಸಹನಾಗೆ ಹೇಳಿದೆ. ಇನ್ನು ಒಂದು ದಿನವೂ ಇಲ್ಲಿರುವುದಿಲ್ಲ ಎಂದೆ. ಮಾರನೆಯ ದಿನ ಗಿರಿಜೆ ತಾನಾಗಿ ಎದ್ದು ಬಂದು ನನ್ನ ಮುಂದೆ ನಿಂತಳು.

‘ರೀ, ಕಟ್ಟೆ ಮೇಲೆ ಕೂತ್ಕಳಾನ ಬನ್ನಿ. ನೀರು ಬರೋದ ನಾನು ನೋಡ್ಬೇಕು.’

‘ನಿನಗೇನು ಹುಚ್ಚೇ?’

‘ನಮ್ಮ ಕೆರೆ ನೀರು ಹೋದ್ರೆ ಹೋಯ್ತು. ಮತ್ತೆ ಯಾವ ವರ್ಷಕ್ಕೋ. ಇಲ್ಲಿ ಹೋದದ್ದು ದಿನಾ ಬತ್ತದೆ. ನೋಡ್ದೇ ಹೋದ್ರೆ ಊರಿಗೋದ್ರೂ ನಂಗೆ ನಿದ್ದೆ ಬರಾಕಿಲ್ಲ.’

ಹೋದೆವು. ನಾನು ಮೆಟ್ಟಿಲಿನಿಂದ ದೂರ, ಕಟ್ಟೆಯ ನಟ್ಟನಡುವೆ ಕೂತು, ಅವಳನ್ನು ಒಳಗಡೆಗೆ ಕೂರಿಸಿಕೊಂಡೆ. ಕೆಸರು ಖಾಲಿ ಬಿದ್ದಿತ್ತು. ಏಡಿಗಳು ಉಣ್ಣುತ್ತಿದ್ದವು. ಮೈಕು ಕೂಗುವುದಕ್ಕೂ ಮೊದಲೇ ಒಂದು ಏಡಿ ಉಣ್ಣುವುದನ್ನು ಬಿಟ್ಟು, ಕೆಸರಿನ ಒಂದು ಉಂಡೆಯನ್ನು ಕಂಕುಳಲ್ಲಿಟ್ಟುಕೊಂಡಂತೆ ಎಳೆದುಕೊಂಡು ತೂತಿನೊಳಗೆ ಹೋಗಿ, ಅದರಿಂದ ಬಾಯಿ ಮುಚ್ಚಿಕೊಂಡಿತು. ಪಕ್ಕದ್ದೂ ಮುಚ್ಚಿಕೊಂಡಿತು. ನೋಡುನೋಡುತ್ತಿದ್ದಂತೆ ಇಡೀ ಬಯಲಿನ ತೂತುಗಳೆಲ್ಲ ಮುಚ್ಚಿಹೋದವು.

ಗಿರಿಜೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ‘ನಿನ್ನೇನೂ ಇಂಗೇ ಬಾಗ್ಲಾಕ್ಕಂಡ್ವು ಕಣ್ರೀ. ನನ್ನ ಕಾಲ್ ಬುಡದಾಗೇ. ನನ್ನ ಕಂಡು ಹೆದ್ರಿಕಂಡ್ವು ಅಂದ್ಕಂಡೆ. ಹೆದರ್ಬ್ಯಾಡ್ರೋ, ನಾನು ಸೊಪ್ಪು ಕೀಳಾಕೆ ಬಂದಿರೋಳು ಅಂತ ಅವಕ್ಕೇ ಸಮಾಧಾನ ಹೇಳ್ದೆ.’

ಹಳ್ಳ ತುಂಬಿತು. ಆಮೇಲೆ ಬಯಲಿನ ಮೇಲೆ ನೀರು ಎಲ್ಲ ಕಡೆಯಿಂದಲೂ ಹರಡಿತು. ಅದಕ್ಕೆ ಅವಸರವಿರಲಿಲ್ಲ, ಸದ್ದೂ ಇರಲಿಲ್ಲ. ದಿಬ್ಬಗಳು ಮುಳುಗಿದವು. ಹಕ್ಕಿಗಳು ಎದ್ದು ಗುಂಪಾಗಿ ಊರಿನ ಮೇಲಿನಿಂದ ಹಾರಿಹೋದವು. ಮಗ್ಗುಲಾಗಿ ಬಿದ್ದಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗಾದವು. ನಾವು ಎದ್ದು ಹೋಗಲಿಲ್ಲ.

ನೀರು ಕಟ್ಟೆಯ ಕಲ್ಲಿಗೆ ಬಡಿಯತೊಡಗಿದಾಗ ಕಡಲಿನಿಂದ ಒಂದು ಮೀನುದೋಣಿ ಹಳ್ಳದ ಜಾಡು ಹಿಡಿದು ಒಳಗೆ ಬಂತು. ಅದರ ಮೇಲೆ ಒಬ್ಬ ಗಂಡಸು ಬಲೆ ಮಡಚುತ್ತ ನಿಂತಿದ್ದ. ಮೈಕಿನ ಕಂಬದಿಂದ ಕಣ್ಣಳತೆ ಹಿಡಿದು ದೋಣಿ ಎಲ್ಲಿದೆಯೆಂದು ನೋಡಿದೆ. ಗಿರಿಜೆ ನನ್ನ ತೋಳು ಹಿಡಿದಳು.

‘ರೀ, ಅಲ್ಲೇ ಅಲ್ವೇ ನಾನು ನಿಂತಿದ್ದು?’

‘ಊಂ. ಅಲ್ಲೇ.’

ಅವಳು ಹಳ್ಳದಿಂದ ಹಿಂದಕ್ಕೆ ಹತ್ತಿ ನಿಂತಿದ್ದ ಜಾಗದ ಮೇಲೆ ದೋಣಿ ಎಲ್ಲಿಗೂ ತಗಲದೆ ಸಲೀಸಾಗಿ ಹಾದುಹೋಯಿತು. ದೋಣಿಯವನು ನಮ್ಮನ್ನು ನೋಡಿ ಕೈ ಬೀಸಿದ. ಗಿರಿಜೆ ನನ್ನ ಭುಜಕ್ಕೆ ಮುಖ ಒತ್ತಿ ಬಿಕ್ಕಿದಳು. ಹಿಂದಿನ ದಿನದಿಂದ ತಡೆದುಕೊಂಡಿದ್ದ ನಾನೂ ಅಲ್ಲೇ, ಅವನೆದುರಿಗೇ, ಅತ್ತುಬಿಟ್ಟೆ.